ಮೊಳೆ ತಡೆಯುವ ಶೂ: ಹಳೇ ಮಿಲ್ಲುಗಳ ಒಳಗೆ ಹದಿನಾಲ್ಕು ತಿಂಗಳು

ಮೊದಲು ಮೊಳೆಯ ವಿಷಯ ಹೇಳಿಬಿಡುತ್ತೇನೆ. ಆಗ ಮಳೆಗಾಲ. ದಾವಣಗೆರೆಯ ಹಳೇ ಜಿನ್ನಿಂಗ್ ಫ್ಯಾಕ್ಟರಿಯೊಂದರ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಯ, ಗೋಡೌನ್ ಅಳೆಯುತ್ತಿದ್ದೆ. ಕೈಯಲ್ಲಿ ಟೇಪು, ಕಣ್ಣು ಮಾಡಿನ ಮೇಲೆ, ಕಾಲಲ್ಲಿ ಕ್ಯಾನ್ವಾಸ್ ಶೂ. ಬಿದ್ದಿದ್ದ ಹಲಗೆಯೊಂದರ ಮೇಲೆ ಬಲಗಾಲು ಇಟ್ಟೆ. ಎರಡಿಂಚಿನ ತುಕ್ಕು ಮೊಳೆ ಶೂ ತಳ ದಾಟಿ, ಸಾಕ್ಸ್ ದಾಟಿ, ಪಾದಕ್ಕೆ ಇಳಿಯಿತು. ಕಾಲೆತ್ತಿದರೆ ಹಲಗೆಯೂ ಜೊತೆಗೇ ಎದ್ದು ಬಂತು. ಆ ಕ್ಷಣ ನೋವಿಗಿಂತ ಆ ಹಲಗೆಯ ಭಾರವೇ ನನಗೆ ಇವತ್ತಿಗೂ ನೆನಪು.

ಟಿ.ಟಿ. ಇಂಜೆಕ್ಷನ್ ಆಯಿತು, ಡ್ರೆಸ್ಸಿಂಗ್ ಆಯಿತು, ಹನ್ನೆರಡು ದಿನ ಮನೆಯಲ್ಲೇ ಕೂತೆ. ಅಪ್ಪ ಬೈಯಲಿಲ್ಲ. ನನ್ನ ಕಾಲನ್ನು ತೊಡೆ ಮೇಲೆ ಇಟ್ಟುಕೊಂಡು ನೋಡಿದರು. "ನಾವೆಲ್ಲಾ ಮಿಲ್ಲಲ್ಲಿ ಬರಿಗಾಲಲ್ಲೇ ಓಡಾಡ್ತಿದ್ವಿ ಕಣವ್ವಾ. ಆದ್ರೆ ಆಗ ನೆಲ ಗುಡಿಸೋರಿದ್ರು" ಅಂದರು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಗಾಯ ಮಾಗಿದ ವಾರವೇ ಸೇಫ್ಟಿ ಶೂ ಕೊಳ್ಳಲು ಹೊರಟೆ. ಹದಿನಾಲ್ಕು ತಿಂಗಳು ಅದನ್ನು ಹಾಕಿಕೊಂಡು ಸುತ್ತಿದ್ದೇನೆ. ಹಳೇ ಕಟ್ಟಡಗಳಿಗೆ ಹೋಗುವ ಹುಚ್ಚು ಇರುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಸಿವಿಲ್ ಡ್ರಾಯಿಂಗ್. ಡಿಪ್ಲೊಮಾ ಮುಗಿಸಿ, ಊರಲ್ಲೇ ಒಬ್ಬ ಇಂಜಿನಿಯರ್ ಹತ್ತಿರ ಮನೆ ಪ್ಲಾನ್ ಮಾಡುತ್ತೇನೆ. ಭಾನುವಾರ ಮಾತ್ರ ನನ್ನದು. ಆ ದಿನ ನಾನು ಮತ್ತು ಇಬ್ಬರು ಗೆಳತಿಯರು ಮುಚ್ಚಿಹೋದ ಮಿಲ್ಲು, ಜಿನ್ನಿಂಗ್ ಫ್ಯಾಕ್ಟರಿ, ಎಣ್ಣೆ ಮಿಲ್ಲಿನ ಶೆಡ್ಡುಗಳಿಗೆ ಹೋಗಿ ಅಳತೆ ತೆಗೆದು ನಕ್ಷೆ ಮಾಡುತ್ತೇವೆ. ಯಾರೂ ದುಡ್ಡು ಕೊಡುವುದಿಲ್ಲ. ಕಟ್ಟಡ ಬಿದ್ದುಹೋದ ಮೇಲೆ ಅದು ಹೀಗಿತ್ತು ಅಂತ ತೋರಿಸಲು ಒಂದು ಹಾಳೆಯಾದರೂ ಇರಲಿ ಅಂತ, ಅಷ್ಟೇ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಇತ್ತು. ಈಗ ಹೊರಗಿನವರಿಗೆ ನಮ್ಮೂರು ಅಂದರೆ ಬೆಣ್ಣೆ ದೋಸೆ. ದೋಸೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ದಿನಾ ಡಿಸಿಎಂ ಟೌನ್‌ಶಿಪ್ ಅಂತ ಆಟೋದವರಿಗೆ ಹೇಳುವ ಎಷ್ಟೋ ಹುಡುಗರಿಗೆ, ಆ ಮೂರು ಅಕ್ಷರ ದಾವಣಗೆರೆ ಕಾಟನ್ ಮಿಲ್ ಅಂತ ಗೊತ್ತಿಲ್ಲ. ಶಂಕರ್, ಚಂದ್ರೋದಯ, ತೋಳಹುಣಸೆ ಕಡೆಯ ಯಲ್ಲಮ್ಮ ಮಿಲ್ಲು, ಈ ಹೆಸರುಗಳು ಅಪ್ಪನ ವಯಸ್ಸಿನವರ ಬಾಯಲ್ಲಿ ನೆಂಟರ ಹೆಸರಿನ ಹಾಗೆ ಬರುತ್ತವೆ. ಕಾರ್ಮಿಕರ ನಾಯಕ ಪಂಪಾಪತಿಯವರನ್ನು ಈ ಊರು ವಿಧಾನಸಭೆಗೆ ಕಳಿಸಿತ್ತು ಅಂದರೆ, ಇಲ್ಲಿ ಮಿಲ್ ಕೆಲಸಗಾರರ ಮಾತಿಗೆ ಎಷ್ಟು ತೂಕ ಇತ್ತು ಅಂತ ಲೆಕ್ಕ ಹಾಕಿ. ಅವರೆಲ್ಲ ಕೆಲಸ ಮಾಡಿದ ಗೋಡೆಗಳು ಒಂದೊಂದಾಗಿ ಸೈಟುಗಳಾಗುತ್ತಿವೆ. ನಾನೇ ಅಂಥ ಸೈಟುಗಳಿಗೆ ಮನೆ ಪ್ಲಾನ್ ಬರೆದಿದ್ದೇನೆ. ಅದಕ್ಕೇ ಭಾನುವಾರದ ಈ ಕೆಲಸ ನನಗೆ ಬಿಡಲಾಗುವುದಿಲ್ಲ.

ಒಳಗೆ ಹೋದವರಿಗೆ ಮಾತ್ರ ಗೊತ್ತಾಗುವ ಒಂದು ಸಂಗತಿ ಇದೆ. ಹಳೇ ನೂಲಿನ ಮಿಲ್ಲಿನ ಮಾಡು ಗರಗಸದ ಹಲ್ಲಿನ ಹಾಗಿರುತ್ತದೆ. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಹೆಚ್ಚುಕಡಿಮೆ ನೆಟ್ಟಗೆ ನಿಂತ ಗಾಜು. ಆ ಗಾಜು ಉತ್ತರಕ್ಕೆ ಮುಖ ಮಾಡಿರುತ್ತದೆ. ನಮ್ಮ ಕಡೆ ವರ್ಷದ ಬಹುಪಾಲು ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಹೋಗುವುದರಿಂದ, ಉತ್ತರದ ಗಾಜಿನಿಂದ ಬೆಳಕು ಬರುತ್ತದೆ, ಬಿಸಿಲು ಅಷ್ಟಾಗಿ ಬರುವುದಿಲ್ಲ. ನೆರಳು ಬೀಳದ, ಕಣ್ಣು ಕುಕ್ಕದ ಬೆಳಕು. ಕೂದಲಿನಷ್ಟು ಸಣ್ಣ ನೂಲು ಎಲ್ಲಿ ಹರಿದಿದೆ ಅಂತ ಹುಡುಕುವವರಿಗೆ ಬೇಕಾದ್ದೇ ಆ ಬೆಳಕು. ಯಂತ್ರಗಳೆಲ್ಲಾ ಗುಜರಿಗೆ ಹೋಗಿ ವರ್ಷಗಳಾಗಿದ್ದರೂ ಬೆಳಕು ಮಾತ್ರ ಹಾಗೇ ಬಂದು ಖಾಲಿ ನೆಲದ ಮೇಲೆ ಕೂತಿರುತ್ತದೆ. ಮೊದಲ ಸಲ ನೋಡಿದಾಗ ನಾವು ಮೂವರೂ ತುಂಬಾ ಹೊತ್ತು ಮಾತಾಡಲಿಲ್ಲ.

ಆದರೆ ಆ ಮಾಡನ್ನು ನೋಡುತ್ತಾ ನಡೆದರೇ ಕಾಲಿಗೆ ಮೊಳೆ ಹೊಕ್ಕುವುದು.

ಶೂ ವಿಷಯಕ್ಕೆ ಬರುತ್ತೇನೆ. ಪಿ.ಬಿ. ರಸ್ತೆ ಕಡೆಯ ಒಂದು ಸಣ್ಣ ಅಂಗಡಿಗೆ ಹೋದೆ. ಹೆಲ್ಮೆಟ್ಟು, ಕೈಗವಸು, ವೆಲ್ಡಿಂಗ್ ಕನ್ನಡಕ ಮಾರುವ ಅಂಗಡಿ. ಅಂಗಡಿಯವರು "ಯಜಮಾನ್ರ ಸೈಜ್ ಎಷ್ಟಮ್ಮಾ?" ಅಂದರು. "ನನಗೇ ಬೇಕಣ್ಣ, 4ನೇ ನಂಬರು" ಅಂದೆ. ಅವರ ಹತ್ತಿರ 6ರಿಂದ ಮೇಲೆ ಮಾತ್ರ ಇತ್ತು. 6ಕ್ಕೆ ಎರಡು ಜೊತೆ ಸಾಕ್ಸ್ ಹಾಕಿ ನೋಡಿ ಅಂತ ಬೇರೆ ಕಡೆ ಒಬ್ಬರು ಹೇಳಿದ್ದರು. ಇವರು ಹಾಗೆ ಹೇಳಲಿಲ್ಲ. "ಸಡಿಲ ಶೂ ಹಾಕ್ಕೊಂಡು ಏಣಿ ಹತ್ತಿದ್ರೆ ಬೀಳ್ತೀರ. ಹುಬ್ಬಳ್ಳಿಯಿಂದ ತರಿಸ್ತೀನಿ, ಒಂದು ವಾರ ತಡೀರಿ" ಅಂದರು. ಎಂಟನೇ ದಿನ ಫೋನು ಬಂತು.

ಅವರು ಕಲಿಸಿದ ಪಾಠವೇ ಈ ಬರಹದ ತಿರುಳು. ಎರಡು ಶೂ ತೆಗೆದು ಮುಂದಿಟ್ಟರು. ನೋಡಲು ಎರಡೂ ಒಂದೇ. ಕಪ್ಪು ಚರ್ಮ, ಗುಂಡನೆಯ ಮೂತಿ. "ಮಡಚಿ ನೋಡಿ" ಅಂದರು. ಒಂದು ಸಲೀಸಾಗಿ ಬಾಗಿತು. ಇನ್ನೊಂದು ಬಿಗಿಯಾಗಿತ್ತು. ಅದರ ತಳದ ಒಳಗೆ ಉಕ್ಕಿನ ತೆಳು ತಗಡು ಇದೆ. ಸೇಫ್ಟಿ ಶೂ ಅಂದಕೂಡಲೇ ಎಲ್ಲರೂ ಬೆರಳ ಮೇಲಿನ ಉಕ್ಕಿನ ಟೋಪಿಯನ್ನೇ ಬಡಿದು ನೋಡುತ್ತಾರೆ. ಕಾರ್ಖಾನೆ ನಡೆಯುತ್ತಿರುವಾಗ ಅಪಾಯ ಮೇಲಿನಿಂದ ಬೀಳುತ್ತದೆ, ಅದಕ್ಕೆ ಆ ಟೋಪಿ ಸರಿ. ಮುಚ್ಚಿದ ಕಾರ್ಖಾನೆಯಲ್ಲಿ ಅಪಾಯ ಹೆಚ್ಚಾಗಿ ಕೆಳಗಿರುತ್ತದೆ. ನಮಗೆ ಬೇಕಾದ್ದು ತಗಡು.

ಇದನ್ನು ಮಡಚಿ ನೋಡಿಯೇ ತಿಳಿಯಬೇಕಾಗಿಲ್ಲ. ಶೂ ನಾಲಿಗೆಯ ಒಳಗೆ ಹೊಲಿದ ಅಥವಾ ಅಚ್ಚು ಹಾಕಿದ ಚೀಟಿ ಇರುತ್ತದೆ. ಅದರಲ್ಲಿ ಐಎಸ್ 15298 ಅಂತ ಇರಬೇಕು. ಇದು ನಮ್ಮ ದೇಶದ ಮಾನದಂಡ. ಭಾಗ 2 ಅಂದರೆ ಬೆರಳ ಟೋಪಿ 200 ಜೂಲ್ ಹೊಡೆತ ತಾಳಬೇಕು. ಸುಮಾರು 20 ಕೆ.ಜಿ. ತೂಕವನ್ನು ಒಂದು ಮೀಟರ್ ಮೇಲಿನಿಂದ ಬಿಟ್ಟಷ್ಟು ಹೊಡೆತ ಅದು. ಭಾಗ 3ರ ಶೂಗೆ ಇದರ ಅರ್ಧ, 100 ಜೂಲ್. ಭಾಗ 4ರದ್ದಕ್ಕೆ ಬೆರಳ ಟೋಪಿ ಕಡ್ಡಾಯವೇ ಅಲ್ಲ. ಮೂರೂ ಅಂಗಡಿಯಲ್ಲಿ ಒಂದೇ ಸಾಲಲ್ಲಿ ಕೂತಿರುತ್ತವೆ, ಹಾಗಾಗಿ ಚೀಟಿ ಓದಲೇಬೇಕು.

ಆಮೇಲೆ ಇಂಗ್ಲಿಷ್ ಅಕ್ಷರದ ಗುರುತು ನೋಡಿ. ಎಸ್1 ಅಂತ ಮಾತ್ರ ಇದ್ದರೆ ಮೊಳೆ ತಡೆಯುವ ತಗಡು ಇರುತ್ತದೆ ಅಂತ ನಂಬಬೇಡಿ. ಎಸ್1ಪಿ ಅಂತಿದ್ದರೆ ಮೊಳೆ ತಡೆಯುವ ಪದರ ಇದೆ. ಆ ಒಂದು 'ಪಿ'ಯೇ ಅದರ ಗುರುತು. ಎಸ್2 ಅಂದರೆ ಮೇಲಿನ ಚರ್ಮ ನೀರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ, ಆದರೆ ತಗಡು ಇರಲೇಬೇಕು ಅಂತಿಲ್ಲ. ಎಸ್3 ಅಂದರೆ ನೀರಿಗೂ ಆಯಿತು, ಮೊಳೆಗೂ ಆಯಿತು, ಜೊತೆಗೆ ತಳದಲ್ಲಿ ಟ್ರ್ಯಾಕ್ಟರ್ ಟೈರಿನ ಹಾಗೆ ಹಲ್ಲು. ತಗಡಿನ ಪರೀಕ್ಷೆಯಲ್ಲಿ 4.5 ಮಿ.ಮೀ. ದಪ್ಪದ ಮೊಳೆಯನ್ನು 1,100 ನ್ಯೂಟನ್ ಬಲದಲ್ಲಿ ಒತ್ತುತ್ತಾರೆ. ನೂರಹತ್ತು ಕೆ.ಜಿ.ಗಿಂತ ಜಾಸ್ತಿ ಭಾರ ಅಂದುಕೊಳ್ಳಿ. ನಾನು 52 ಕೆ.ಜಿ. ಇದ್ದೇನೆ. ಈ ಲೆಕ್ಕ ನೋಡಿಯೇ ನನಗೆ ಅರ್ಧ ಧೈರ್ಯ ಬಂತು.

ನಾನು ಕೊಂಡದ್ದು ಎಸ್1ಪಿ. 1,450 ರೂಪಾಯಿ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ದರ್ಜೆಯ ಶೂ ಸುಮಾರು ಕಂಪನಿಗಳು ಮಾಡುತ್ತವೆ. ಹೆಸರು ಹುಡುಕಿಕೊಂಡು ಹೋದರೆ ನೀವು ಚೀಟಿ ಓದುವುದನ್ನು ಮರೆಯುತ್ತೀರಿ.

ಮೊದಲ ಎರಡು ವಾರ ಕಷ್ಟ. ಹಿಮ್ಮಡಿ ಉಜ್ಜಿ ಬೊಬ್ಬೆ ಬಂತು. ಒಂದೊಂದು ಶೂ ಅರ್ಧ ಕೆ.ಜಿ. ದಾಟುತ್ತದೆ, ಸಂಜೆ ಹೊತ್ತಿಗೆ ಮೊಣಕಾಲ ಕೆಳಗೆ ಸೀಸ ತುಂಬಿದ ಹಾಗೆ. ಮನೆಯಲ್ಲೇ ದಿನಾ ಒಂದು ಗಂಟೆ ಹಾಕಿಕೊಂಡು ಅಡುಗೆ ಮಾಡಿದೆ. ಮೂರನೇ ವಾರ ಚರ್ಮ ನನ್ನ ಕಾಲಿನ ಆಕಾರಕ್ಕೆ ಬಂತು. ದಪ್ಪ ಹತ್ತಿ ಸಾಕ್ಸ್ ಹಾಕಿ, ಲೇಸನ್ನು ಮೇಲಿನ ತೂತಿನವರೆಗೂ ಕಟ್ಟಿ. ಅರ್ಧಕ್ಕೆ ಬಿಟ್ಟರೆ ಇಳಿಜಾರಿನಲ್ಲಿ ಬೆರಳು ಟೋಪಿಗೆ ಬಡಿಯುತ್ತದೆ.

ನಾಲ್ಕನೇ ತಿಂಗಳಲ್ಲಿ ಪರೀಕ್ಷೆ ಬಂತು. ನೂಲಿನ ಮಿಲ್ಲೊಂದರ ಹಳೇ ಪ್ಯಾಕಿಂಗ್ ಕೋಣೆ. ನೆಲದ ತುಂಬಾ ಒಡೆದ ಮರದ ಪೆಟ್ಟಿಗೆಗಳು, ಮೇಲೆ ಪಾರಿವಾಳದ ಹಿಕ್ಕೆ, ಏನೂ ಕಾಣುವುದಿಲ್ಲ. ಎಡಗಾಲು ಊರಿದಾಗ ಅಂಗಾಲಿನ ಕೆಳಗೆ 'ಟಕ್' ಅಂತ ಸಣ್ಣ ಸದ್ದು. ಕಾಲೆತ್ತಿ ನೋಡಿದರೆ ಮೊಳೆ ರಬ್ಬರಿನಂಥ ತಳವನ್ನು ಹೊಕ್ಕು, ತಗಡಿಗೆ ತಾಗಿ, ಅಲ್ಲೇ ಓರೆಯಾಗಿ ನಿಂತಿತ್ತು. ನಾನು ಅಲ್ಲೇ ಒಂದು ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟೆ. ಗೆಳತಿ ಇಕ್ಕಳದಲ್ಲಿ ಮೊಳೆ ಎಳೆದಳು. ಆ ತೂತು ಇವತ್ತಿಗೂ ತಳದಲ್ಲಿದೆ. 1,450 ರೂಪಾಯಿ ಆ ಒಂದೇ ಸದ್ದಿಗೆ ತೀರಿತು.

ಬೆರಳ ಟೋಪಿಯೂ ಒಂದು ಸಲ ಕೆಲಸಕ್ಕೆ ಬಂತು. ಗೋಡೆಗೆ ಒರಗಿಸಿದ್ದ ಕಬ್ಬಿಣದ ಬಾಗಿಲು ಜಾರಿ ಕಾಲ ಮೇಲೆ ಬಿತ್ತು. ಚರ್ಮ ಕಿತ್ತಿತು, ಬೆರಳಿಗೆ ಏನೂ ಆಗಲಿಲ್ಲ.

ಅಪ್ಪನ ವಿಷಯ ಹೇಳದೆ ಈ ಬರಹ ಮುಗಿಯುವುದಿಲ್ಲ. ಅಪ್ಪ ಸ್ಪಿನ್ನಿಂಗ್ ಖಾತೆಯಲ್ಲಿ ಸೈಡರ್ ಆಗಿದ್ದವರು. ನೂಲು ತೆಗೆಯುವ ಯಂತ್ರಗಳಾದ ರಿಂಗ್ ಫ್ರೇಮುಗಳ ಸಾಲುಗಳ ನಡುವೆ ಪಾಳಿಯುದ್ದಕ್ಕೂ ನಡೆಯುತ್ತಾ, ಹರಿದ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸುವುದು ಕೆಲಸ. ನೂಲು ಹರಿಯಬಾರದು ಅಂತ ಒಳಗೆ ಸದಾ ತೇವದ ಗಾಳಿ ಬಿಡುತ್ತಿದ್ದರು. ಸೆಕೆ, ಹತ್ತಿಯ ಧೂಳು, ಕಿವಿ ಮುಚ್ಚುವ ಸದ್ದು. ತೊಂಬತ್ತರ ದಶಕದಲ್ಲಿ ಮಿಲ್ಲು ನಿಂತಿತು. ಆಮೇಲೆ ಅಪ್ಪ ಮಂಡಿಪೇಟೆಯಲ್ಲಿ ಲೆಕ್ಕ ಬರೆದರು. ಮಿಲ್ಲಿನ ಗೇಟಿನ ಕಡೆ ಮತ್ತೆ ಹೋಗಲಿಲ್ಲ.

ಆ ಜಾಗದ ಈಗಿನ ಮಾಲೀಕರಿಂದ ನಮಗೆ ಒಂದು ದಿನದ ಅನುಮತಿ ಸಿಕ್ಕಿತು. ಅಪ್ಪನನ್ನು ಕೇಳಿದೆ. "ಬರ್ತೀನಿ. ಆದ್ರೆ ನನಗೂ ಅಂಥದ್ದೇ ಶೂ ಬೇಕು" ಅಂದರು. 8ನೇ ನಂಬರು ಅಂಗಡಿಯಲ್ಲಿ ಇತ್ತು. ಅಂಗಡಿಯವರು ಸ್ಟೂಲ್ ಹಾಕಿ ಕೂರಿಸಿ, ತಾವೇ ಬಗ್ಗಿ ಲೇಸು ಕಟ್ಟಿದರು. ಅಪ್ಪ ಎದ್ದು ನಾಲ್ಕು ಹೆಜ್ಜೆ ಹಾಕಿ, "ಆಗ ಇದ್ದಿದ್ರೆ ಚೆನ್ನಾಗಿತ್ತು" ಅಂದರು.

ಒಳಗೆ ಹೋದ ಮೇಲೆ ಅಪ್ಪ ಮೇಲೆ ನೋಡಲೇ ಇಲ್ಲ. ನೆಲ ನೋಡುತ್ತಾ ನಡೆದರು. ಫ್ರೇಮುಗಳನ್ನು ಬಿಗಿದಿದ್ದ ಬೋಲ್ಟುಗಳ ಮೋಟು ಇನ್ನೂ ನೆಲದಲ್ಲಿ ಇದ್ದವು. ಕಂಬ ಎಣಿಸಿದರು, ಬೋಲ್ಟು ಎಣಿಸಿದರು. "ಇದು ನಂದು. ಇಲ್ಲಿಂದ ಅಲ್ಲೀತನಕ" ಅಂದರು. ಆ ಎರಡು ಸಾಲಿನ ನಡುವಿನ ಜಾಗದ ಅಗಲ ಅಳೆದೆ. ಒಬ್ಬರು ಆರಾಮಾಗಿ ನಡೆಯಬಹುದಾದಷ್ಟು, ಇಬ್ಬರಾದರೆ ಓರೆಯಾಗಬೇಕಾದಷ್ಟು. ಅಲ್ಲಿ ನೆಲ ಬೇರೆ ಕಡೆಗಿಂತ ನುಣುಪಾಗಿತ್ತು. ಅಪ್ಪ ಶೂ ಬಿಚ್ಚಲು ಹೋದರು, ಬರಿಗಾಲಲ್ಲಿ ಒಮ್ಮೆ ನಿಲ್ಲಬೇಕು ಅಂತ. ನಾನು ಬೇಡ ಅಂದೆ, ಗಾಜಿನ ಚೂರು ತೋರಿಸಿದೆ. ಅವರು ಒಪ್ಪಿಕೊಂಡರು. ಬೇಡ ಅಂದದ್ದು ಸರಿ, ಆದರೂ ಮನಸ್ಸಿಗೆ ಇವತ್ತಿಗೂ ಚುರುಕ್ ಅನ್ನುತ್ತದೆ. ವಾಪಸ್ ಬರುವಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ದಾರಿಯುದ್ದಕ್ಕೂ ಅಪ್ಪ ಮಾತಾಡಿದರು. ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಈಗ ಕುಂದುಗಳು. ಬೇಸಿಗೆಯಲ್ಲಿ ಈ ಶೂ ಒಲೆ. ಏಪ್ರಿಲ್‌ನಲ್ಲಿ ನಾವು ಬೆಳಿಗ್ಗೆ ಏಳರಿಂದ ಹತ್ತರವರೆಗೆ ಮಾತ್ರ ಕೆಲಸ ಮಾಡುತ್ತೇವೆ. ಎಸ್1ಪಿ ನೀರಿಗೆ ಆಗುವುದಿಲ್ಲ, ಮಳೆಗಾಲದಲ್ಲಿ ಮಿಲ್ಲಿನ ನೆಲದ ಮೇಲೆ ನೀರು ನಿಂತಿರುತ್ತದೆ, ಸಾಕ್ಸ್ ಒದ್ದೆ. ಕುಕ್ಕರುಗಾಲಲ್ಲಿ ಕೂತು ಅಳತೆ ತೆಗೆಯುವಾಗ ಟೋಪಿಯ ಅಂಚು ಬೆರಳ ಮೇಲೆ ಒತ್ತುತ್ತದೆ. ತಳ ಬಿಗಿ ಇರುವುದರಿಂದ ಏಣಿಯ ಮೆಟ್ಟಿಲು ಕಾಲಿಗೆ ಗೊತ್ತಾಗುವುದಿಲ್ಲ. ಉಕ್ಕಿನ ತಗಡು ತಳದ ಅಂಚಿನ ತುದಿಯವರೆಗೆ ಬರುವುದಿಲ್ಲ, ಬದಿಯಿಂದ ಬರುವ ಮೊಳೆಗೆ ಅದು ಉತ್ತರ ಅಲ್ಲ. ಹತ್ತನೇ ತಿಂಗಳಿಗೆ ಹಿಮ್ಮಡಿಯ ಒಳಬಟ್ಟೆ ಹರಿಯಿತು. ಗಡಿಯಾರ ಕಂಬದ ಹತ್ತಿರ ಚಪ್ಪಲಿ ರಿಪೇರಿ ಮಾಡುವ ಅಣ್ಣ ಮೆತ್ತನೆ ಚರ್ಮದ ತುಂಡು ಅಂಟಿಸಿ ಹೊಲಿದುಕೊಟ್ಟರು, ನಲವತ್ತು ರೂಪಾಯಿ. ಕಂಪನಿಯವರು ಹಾಕಿದ್ದಕ್ಕಿಂತ ಅದು ಚೆನ್ನಾಗಿದೆ.

ಇನ್ನೊಂದು ಮುಖ್ಯ ವಿಷಯ. ನನ್ನ ಗೆಳತಿ ಬೇರೆ ಊರಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ಒಂದು ಜೊತೆ ತಂದಳು. ಹೊಚ್ಚ ಹೊಸದು, ಡಬ್ಬಿ ಕೂಡ ಒಡೆದಿರಲಿಲ್ಲ. ಮೂರನೇ ಭಾನುವಾರ ತಳ ಹಳೇ ಬೆಲ್ಲದ ಅಚ್ಚಿನ ಹಾಗೆ ಪುಡಿಪುಡಿಯಾಗಿ ಉದುರಿತು. ನಡುದಾರಿಯಲ್ಲಿ ಅವಳ ಕಾಲಿಗೆ ಗೋಣಿಚೀಲ ಕಟ್ಟಿ ಹೊರಗೆ ಕರೆದುಕೊಂಡು ಬಂದೆವು. ಈ ಶೂಗಳ ತಳ ಹೆಚ್ಚಾಗಿ ಪಿಯು, ಅಂದರೆ ಪಾಲಿಯುರೆಥೇನ್. ಗಾಳಿಯ ತೇವ ತಾಗಿ ತಾಗಿ ಅದು ತಾನಾಗಿಯೇ ಶಿಥಿಲವಾಗುತ್ತದೆ. ಹಾಕದೆ ಡಬ್ಬಿಯಲ್ಲಿ ಇಟ್ಟರೂ ಬಿಡುವುದಿಲ್ಲ. ಹಾಗಾಗಿ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ನೋಡಿ. ಹಳೇ ಸ್ಟಾಕು ಎಷ್ಟೇ ಅಗ್ಗ ಆದರೂ ಬಿಡಿ. ಮಗನಿಗೆ ಆಗುತ್ತೆ ಅಂತ ಎತ್ತಿಡುವ ವಸ್ತು ಇದಲ್ಲ.

ಶೂ ಹಾಕಿದ ಮಾತ್ರಕ್ಕೆ ಎಲ್ಲಿ ಬೇಕಾದರೂ ಕಾಲಿಡಬಹುದು ಅಂತ ದಯವಿಟ್ಟು ತಿಳಿಯಬೇಡಿ. ನೂಲಿನ ಮಿಲ್ಲುಗಳ ನೆಲದ ಕೆಳಗೆ ಗಾಳಿ ಎಳೆದುಕೊಳ್ಳುವ ಕಾಲುವೆಗಳು ಇರುತ್ತವೆ. ತೇವದ ಗಾಳಿ ಸುತ್ತುತ್ತಿರಲಿ ಅಂತ ಮಾಡಿದ್ದು. ಮೇಲೆ ಕಬ್ಬಿಣದ ಜಾಲರಿ ಮುಚ್ಚಿರುತ್ತಿದ್ದರು. ಮಿಲ್ಲು ಮುಚ್ಚಿದ ಮೇಲೆ ಮೊದಲು ಗುಜರಿಗೆ ಹೋಗುವುದೇ ಆ ಜಾಲರಿಗಳು. ಅದರ ಮೇಲೆ ಕಸ, ತಗಡು, ಎಲೆ ಬಿದ್ದು ಗುಂಡಿ ಕಾಣುವುದಿಲ್ಲ. ನಾನು ಒಂದು ಬಿದಿರು ಕೋಲಿನಿಂದ ಮುಂದೆ ಕುಟ್ಟಿ ನೋಡದೆ ಹೆಜ್ಜೆ ಇಡುವುದಿಲ್ಲ. ನೆಲದಡಿಯ ಟ್ಯಾಂಕು, ಮುಚ್ಚಿದ ಬಾವಿ, ಬಾಯ್ಲರ್ ಒಳಗೆ ನಾವು ಇಳಿಯುವುದೇ ಇಲ್ಲ. ಅಲ್ಲಿ ಉಸಿರಾಡುವ ಗಾಳಿ ಇರುತ್ತದೆ ಅಂತ ನೋಡಿ ಹೇಳಲು ಆಗುವುದಿಲ್ಲ. ವೈರು ನೇತಾಡುತ್ತಿದ್ದರೆ ಕರೆಂಟು ಇದೆ ಅಂತಲೇ ತಿಳಿಯಿರಿ. ಈ ಶೂ ಕರೆಂಟ್ ಶಾಕ್ ತಡೆಯಲು ಮಾಡಿದ್ದಲ್ಲ.

ಒಡೆದ ಸಿಮೆಂಟ್ ಶೀಟಿನ ಬಗ್ಗೆಯೂ ಎಚ್ಚರ. ಹಳೇ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದರ ನಾರು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷದ ಮೇಲೆ ಕಾಯಿಲೆ ತೋರಿಸುತ್ತದೆ. ಶೀಟು ಪುಡಿಯಾಗಿ ಬಿದ್ದಿರುವ ಕಡೆ ನಾವು ಹೋಗುವುದಿಲ್ಲ. ಬಟ್ಟೆ ಮಾಸ್ಕು ಅದಕ್ಕೆ ಏನೇನೂ ಸಾಲದು. ಬೇರೆ ಕಡೆ ಹೋಗಿ ಬಂದಾಗಲೂ ಶೂ ಒಳಗೆ ತರುವುದಿಲ್ಲ. ಗೇಟಿನ ಹೊರಗೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಚೀಲಕ್ಕೆ ಹಾಕಿ, ಆ ಬಟ್ಟೆಯನ್ನು ಬಿಸಾಡುತ್ತೇವೆ. ಒಣ ಬ್ರಷ್‌ನಿಂದ ಉಜ್ಜಿದರೆ ಧೂಳು ನಿಮ್ಮ ಮೂಗಿಗೇ ಬರುತ್ತದೆ.

ಅನುಮತಿ ಇಲ್ಲದೆ ನಾವು ಎಲ್ಲಿಗೂ ಹೋಗಿಲ್ಲ. ಸುಮ್ನೆ ಗೋಡೆ ಹಾರಿ ಫೋಟೋ ಹಾಕುವವರಿಂದ ಒಂದೊಂದೇ ಗೇಟು ಬಿಗಿಯಾಗುತ್ತಿದೆ. ಮಾಲೀಕರಿಗೆ ಒಂದು ಪತ್ರ ಬರೆಯಿರಿ, ನಕ್ಷೆಯ ಒಂದು ಪ್ರತಿ ಕೊಡುತ್ತೇವೆ ಅನ್ನಿ. ಒಪ್ಪುವವರು ಇದ್ದಾರೆ. ವಾಚ್‌ಮನ್ ಜೊತೆ ಮಾತಾಡಿ. ಎಲ್ಲಿ ಹಾವು ಕಂಡಿತ್ತು, ಯಾವ ಗೋಡೆ ಹೋದ ಮಳೆಗೆ ಬಾಗಿತು, ಎಲ್ಲಾ ಅವರಿಗೇ ಗೊತ್ತು.

ನನ್ನ ಜೋಡಿಯ ತಳ ಈಗ ಹಿಮ್ಮಡಿಯ ಹತ್ತಿರ ಸವೆದಿದೆ. ಹೊಸದು ಹೇಳಿದ್ದೇನೆ. ಈ ಸಲ ಎಸ್3, ಮಳೆಗಾಲಕ್ಕೆ. ಬೆಲೆ ಐನೂರು ರೂಪಾಯಿ ಜಾಸ್ತಿ. ಹಾಸನದಿಂದ ಬರುವ ಕಸಿನ್‌ಗೂ ಒಂದು ಜೊತೆ ಬೇಕು ಅಂದೆ. ಅಂಗಡಿಯವರು "ತರಿಸೋದೇನು ಬೇಡಮ್ಮಾ, ಈಗ 4, 5 ಎರಡೂ ಇಟ್ಟಿದ್ದೀನಿ" ಅಂತ ಮೇಲಿನ ಹಲಗೆ ತೋರಿಸಿದರು. ನಾನು ಎರಡೂ ಶೂಗಳ ನಾಲಿಗೆ ಎತ್ತಿ ಚೀಟಿ ಓದಿದೆ. ತಾರೀಕು ಹೋದ ತಿಂಗಳದ್ದು.